ವೀಸಾ ಅಮ್ಮನದು, ಮಾತೆಲ್ಲ ಮಗನದು

ವರ್ಷಕ್ಕೆ ಒಂದೆರಡು ಸಲವಾದರೂ ಈ ಪ್ರಶ್ನೆ ನನ್ನ ಫೋನಿಗೆ ಬಂದೇ ಬರುತ್ತೆ. "ನಂದು ಗ್ರೀನ್ ಕಾರ್ಡ್ ಆಯ್ತು ಕಣೆ, ಇನ್ನು ಅಪ್ಪ-ಅಮ್ಮನ ವಿಸಿಟರ್ ವೀಸಾ ಸುಲಭ ಅಲ್ವಾ?" ಕೇಳುವವರು ಬದಲಾಗುತ್ತಾರೆ, ಅವರ ಸ್ಟೇಟಸ್ಸೂ ಬದಲಾಗುತ್ತೆ. ಎಂಎಸ್ ಮಾಡುತ್ತಿರುವ ಹುಡುಗನಿಗೆ ತಾನಿನ್ನೂ ಎಫ್-1 ವಿದ್ಯಾರ್ಥಿ ವೀಸಾದವನು, ತನ್ನ ಕಾನ್ವೊಕೇಶನ್‌ಗೆ ಅಪ್ಪ-ಅಮ್ಮನನ್ನು ಯಾರು ಬಿಡ್ತಾರೆ ಅನ್ನೋ ಅಳುಕು. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಅಪ್ರೂವ್ ಆಗಿರುವುದೇ ಮುಳುವಾಗುತ್ತೇನೋ ಅನ್ನೋ ಯೋಚನೆ. ಸಿಟಿಜನ್ ಆದವರಿಗೆ ಈ ದೇಶದ ಪಾಸ್‌ಪೋರ್ಟೇ ತಮ್ಮ ಕೈಯಲ್ಲಿರುವಾಗ ಹೆತ್ತವ್ವನಿಗೆ ಹೇಗೆ ಇಲ್ಲ ಅಂತಾರೆ ಅನ್ನೋ ಧೈರ್ಯ. ಎಲ್ಲರ ಲೆಕ್ಕದಲ್ಲೂ ಬೀಗದ ಕೈ ಇರುವುದು ಮಕ್ಕಳ ಹತ್ತಿರ.

ನನ್ನ ಮನೆಯಲ್ಲೇ ಆದ ಎರಡು ಸಂಗತಿ ಈ ಲೆಕ್ಕಕ್ಕೆ ಹೊಂದುವುದಿಲ್ಲ. ನಾನಿನ್ನೂ ಎಚ್-1ಬಿಯಲ್ಲೇ ಇದ್ದೇನೆ, ಗ್ರೀನ್ ಕಾರ್ಡಿನ ಸರದಿ ಯಾವಾಗ ಬರುತ್ತೋ ಹೇಳುವ ಹಾಗಿಲ್ಲ. ನನ್ನ ಅಪ್ಪಯ್ಯ-ಅಮ್ಮನಿಗೆ ವೀಸಾ ಸಿಕ್ಕಿತು. ಚಿಕ್ಕಮ್ಮನ ಮಗ, ಅಂದರೆ ನನ್ನ ತಮ್ಮ, ಅಮೆರಿಕದ ಸಿಟಿಜನ್, ಸ್ವಂತ ಮನೆ, ಒಳ್ಳೆಯ ಕೆಲಸ. ಚಿಕ್ಕಮ್ಮನಿಗೆ ಸಿಗಲಿಲ್ಲ. ಮದುವೆ-ಮುಂಜಿಯಲ್ಲಿ ಸೇರಿದಾಗ ನೆಂಟರು ಇದಕ್ಕೆ ಕೊಡುವ ವಿವರಣೆ ಒಂದೇ: ಅದೃಷ್ಟ. ಅದೃಷ್ಟದ ಪಾಲು ಇಲ್ಲ ಅಂತ ನಾನು ಹೇಳಲ್ಲ. ಎರಡು-ಮೂರು ನಿಮಿಷದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬರನ್ನು ಅಳೆಯುವ ಕಡೆ ಅದು ಇದ್ದೇ ಇರುತ್ತೆ. ಆದರೆ ಅಲ್ಲಿಗೇ ಬಿಟ್ಟುಬಿಡಲು ನನಗೆ ಮನಸ್ಸಾಗಿಲ್ಲ.

ಎಲ್ಲರೂ ವಲಸಿಗರೇ ಅನ್ನುವ ಊಹೆ

ಅಮೆರಿಕದ ವಲಸೆ ಕಾನೂನು 1952ರದ್ದು. ಅದರ 214(ಬಿ) ಸೆಕ್ಷನ್ ಹೆಸರನ್ನು ನಮ್ಮೂರಲ್ಲಿ ವೀಸಾ ನಿರಾಕರಣೆ ಆದವರೆಲ್ಲ ಬಾಯಿಪಾಠ ಮಾಡಿರುತ್ತಾರೆ, ಏಕೆಂದರೆ ಕೈಗೆ ಕೊಡುವ ಚೀಟಿಯಲ್ಲಿ ಇರುವುದು ಅದೇ. ಅದು ಹೇಳುವುದು ಇಷ್ಟು: ವೀಸಾ ಕೇಳಲು ಬಂದ ಪ್ರತಿಯೊಬ್ಬರೂ ಅಮೆರಿಕದಲ್ಲೇ ನೆಲೆಸಲು ಹೊರಟವರು ಅಂತ ಮೊದಲು ಅಂದುಕೊಳ್ಳಬೇಕು; ಹಾಗಲ್ಲ ಅಂತ ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದ್ದು. ಅಪರಾಧಿ ಅಂತ ಸಾಬೀತಾಗುವವರೆಗೂ ನಿರಪರಾಧಿ ಅನ್ನೋ ತತ್ವ ಕೇಳಿ ಬೆಳೆದ ನಮಗೆ ಇದು ತಲೆಕೆಳಗಾಗಿ ಕಾಣುತ್ತೆ. ಆದರೆ ಕಾನೂನು ಇರುವುದೇ ಹಾಗೆ, ಅದೂ ಎಪ್ಪತ್ತು ವರ್ಷದಿಂದ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಸೆಕ್ಷನ್ನಿನ ಒಂದು ವಿನಾಯಿತಿ. ಎಚ್-1ಬಿಯವರಿಗೆ ಮತ್ತು ಕಂಪನಿಯೊಳಗೇ ವರ್ಗವಾಗಿ ಬರುವ ಎಲ್ ವೀಸಾದವರಿಗೆ ಈ ಊಹೆ ಅನ್ವಯಿಸುವುದಿಲ್ಲ. ನಾನು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಕೊಂಡೇ, ಪಾಸ್‌ಪೋರ್ಟಿಗೆ ವೀಸಾ ಹಾಕಿಸುವ ಸ್ಟಾಂಪಿಂಗ್‌ಗೆ ಹೋಗಿ ನಿಲ್ಲಬಹುದು, "ನಿನಗೆ ಇಲ್ಲೇ ಉಳಿಯುವ ಆಸೆ ಇದೆ" ಅಂತ ಅದೊಂದೇ ಕಾರಣಕ್ಕೆ ನನ್ನನ್ನು ವಾಪಸ್ ಕಳಿಸುವಂತಿಲ್ಲ. ನಿಜವಾಗಿ ಉಳಿಯುವ ಆಸೆ ಇರುವವಳು ನಾನು. ಆ ಆಸೆ ಎಳ್ಳಷ್ಟೂ ಇಲ್ಲದ, ಮಗಳನ್ನು ನೋಡಿಕೊಂಡು ಬರಲು ಹೊರಟ ನನ್ನ ಅಮ್ಮ ಮಾತ್ರ ಪೂರ್ತಿ ಅನುಮಾನ ಹೊತ್ತು ನಿಲ್ಲಬೇಕು. ನನಗೆ ಕಾನೂನು ಕೊಟ್ಟ ನೆರಳು ಅವಳವರೆಗೆ ಚಾಚುವುದಿಲ್ಲ.

ಹಾಗಾದರೆ ಮಕ್ಕಳ ಸ್ಟೇಟಸ್ ಎಲ್ಲಿ ಬರುತ್ತೆ? ವೀಸಾ ಅರ್ಜಿಯ ಡಿಎಸ್-160 ಫಾರ್ಮಿನಲ್ಲಿ ನೇರವಾಗಿಯೇ ಬರುತ್ತೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಯಾರಾದರೂ ಅಮೆರಿಕದಲ್ಲಿ ಇದ್ದಾರಾ, ಇದ್ದರೆ ಸಿಟಿಜನ್ನೋ, ಗ್ರೀನ್ ಕಾರ್ಡೋ, ತಾತ್ಕಾಲಿಕ ವೀಸಾದವರೋ ಅಂತ ಕೇಳುತ್ತೆ. ನಿಮ್ಮ ಪರವಾಗಿ ಯಾರಾದರೂ ಇಮಿಗ್ರೆಂಟ್ ಪಿಟಿಷನ್ (ಅಮೆರಿಕದಲ್ಲಿ ನೆಲೆಸಲು ಕರೆಸಿಕೊಳ್ಳುವ ಅರ್ಜಿ) ಹಾಕಿದ್ದಾರಾ ಅಂತಲೂ ಕೇಳುತ್ತೆ. ಅಂದರೆ ಸ್ಟೇಟಸ್ ಅಲ್ಲಿ ದಾಖಲಾಗುತ್ತೆ. ಆದರೆ ಅದು ದಾಖಲಾಗುವುದು ಅರ್ಜಿದಾರರಿಗೆ ಈ ದೇಶದಲ್ಲಿ ಎಷ್ಟು ಸೆಳೆತ ಇದೆ ಅಂತ ತಿಳಿಯುವುದಕ್ಕೆ. ಅವರನ್ನು ವಾಪಸ್ ಕಳಿಸಿಕೊಡುವ ಜಾಮೀನಾಗಿ ಅದನ್ನು ಯಾರೂ ಎಣಿಸುವುದಿಲ್ಲ. ಆಹ್ವಾನ ಪತ್ರ, ಖರ್ಚು ನೋಡಿಕೊಳ್ಳುತ್ತೇನೆ ಅನ್ನುವ ಅಫಿಡವಿಟ್ ಯಾವುದೂ ವಿಸಿಟರ್ ವೀಸಾಕ್ಕೆ ಬೇಕಿಲ್ಲ, ತೀರ್ಮಾನ ಅವುಗಳ ಮೇಲೆ ನಿಂತಿಲ್ಲ ಅಂತ ವಿದೇಶಾಂಗ ಇಲಾಖೆಯ ವೆಬ್‌ಸೈಟಿನಲ್ಲೇ ಬರೆದಿದೆ. ನಾವೋ, ಬೇರೆಲ್ಲ ಬಿಟ್ಟು ಅವನ್ನೇ ಫೈಲಿನ ಮೇಲೆ ಇಟ್ಟು ಕಳಿಸುತ್ತೇವೆ.

ಎಂತ ಕೆಲಸ ಮಾರಾಯ್ತಿ

ಅಪ್ಪಯ್ಯ-ಅಮ್ಮನ ಇಂಟರ್‌ವ್ಯೂಗೆ ಮುಂಚೆ ವಿಡಿಯೋ ಕಾಲಿನಲ್ಲಿ ಒಂದು ಅಭ್ಯಾಸ ಮಾಡಿಸಿದೆ. ನಾನೇ ಅಧಿಕಾರಿ. ಅಪ್ಪಯ್ಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದರು. ಹಿಂದೆ ಅಮ್ಮ ನಿಂತಿದ್ದಳು, ಫೋನಿನ ಚೌಕಟ್ಟಿನಲ್ಲಿ ಅವಳ ಸೆರಗು ಮಾತ್ರ ಕಾಣುತ್ತಿತ್ತು.

"ಏನು ಕೆಲಸ ಮಾಡ್ತೀರಿ?" ಅಂತ ಕೇಳಿದೆ.

"ಎಂತ ಕೆಲಸ ಮಾರಾಯ್ತಿ, ಮನೇಲೇ ಇರೋದು. ಸ್ವಲ್ಪ ತೋಟ ಇದೆ."

ಬೆಳಕು ಹರಿಯುವ ಮುಂಚೆ ಎದ್ದು ತೋಟಕ್ಕೆ ಒಂದು ಸುತ್ತು ಹಾಕದೆ ಕಾಫಿ ಕುಡಿಯದ ಮನುಷ್ಯ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಅಂಗಳದಲ್ಲಿ ಸುಲಿಯುವವರ ಲೆಕ್ಕ, ಬೇಯಿಸುವ ಹಂಡೆ, ಮಂಡಿಯ ದರ ಎಲ್ಲವನ್ನೂ ಒಂಟಿಯಾಗಿ ನಿಭಾಯಿಸುವ ಮನುಷ್ಯ. ಮೂರು ತಲೆಮಾರಿನಿಂದ ಪಹಣಿಯಲ್ಲಿ ಒಂದೇ ಮನೆಯ ಹೆಸರು. ಅಷ್ಟನ್ನೂ ಸೇರಿಸಿ ಅವರು ಹೇಳಿದ್ದು "ಸ್ವಲ್ಪ ತೋಟ ಇದೆ".

"ಅಮೆರಿಕಕ್ಕೆ ಯಾಕೆ ಹೋಗ್ತಿದೀರಿ?" ಅಂದಾಗ ಮಾತ್ರ ಅವರ ಮುಖ ಅರಳಿತು. ನಾನು ಯಾವ ಕಾಲೇಜಿನಲ್ಲಿ ಓದಿದ್ದು, ಯಾವ ಕಂಪನಿಯಲ್ಲಿ ಇರುವುದು, ನನ್ನ ಕೈಕೆಳಗೆ ಎಷ್ಟು ಜನ, ಊರಿಗೆ ಬಂದಾಗ ಹೈಸ್ಕೂಲಿನವರು ಕರೆದು ಶಾಲು ಹೊದಿಸಿದ್ದು, ಒಂದೂ ಬಿಡಲಿಲ್ಲ. ಹಿಂದಿನಿಂದ ಸೆರಗು ಮಾತಾಡಿತು, "ಸಂಬಳಾನೂ ಹೇಳಿ."

ಆ ಕ್ಷಣ ನನಗೆ ಹೊಳೆದದ್ದೇ ಈ ಬರಹದ ತಿರುಳು. ಅಲ್ಲಿ ಕೇಳುವ ಪ್ರಶ್ನೆಗಳೆಲ್ಲ ಅವರ ಬದುಕಿನ ಬಗ್ಗೆ, ಅವರು ಕೊಡುವ ಉತ್ತರವೆಲ್ಲ ನಮ್ಮ ಬದುಕಿನ ಬಗ್ಗೆ. ನಮ್ಮ ಹೆತ್ತವರಿಗೆ ತಮ್ಮ ಬಗ್ಗೆ ಹೇಳಿಕೊಳ್ಳುವುದು ಬರುವುದಿಲ್ಲ, ಹೇಳಿಕೊಂಡರೆ ಜಂಬ ಅಂತ ಅವರಿಗೆ ಕಲಿಸಲಾಗಿದೆ. ಮಕ್ಕಳ ಬಗ್ಗೆ ಎಷ್ಟು ಹೇಳಿದರೂ ಅದು ಜಂಬ ಅಲ್ಲ. ಊರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಹತ್ತಿರ ಈ ನಡತೆ ಚೆಂದ. ಗಾಜಿನ ಆಚೆ ಕೂತು "ಇವರು ವಾಪಸ್ ಬರುತ್ತಾರಾ" ಅನ್ನುವ ಒಂದೇ ಪ್ರಶ್ನೆ ಇಟ್ಟುಕೊಂಡವರಿಗೆ ಅದು ಕೇಳಿಸುವುದು ಬೇರೆಯೇ ಥರ: ಇವರಿಗೆ ಇಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಇವರ ಜೀವವೆಲ್ಲ ಅಲ್ಲಿದೆ.

ನಿಜವಾದ ಇಂಟರ್‌ವ್ಯೂ ದಿನ ಕನ್ನಡ ಬಲ್ಲ ದುಭಾಷಿ ಇದ್ದರಂತೆ. ಮಗಳು ಎಲ್ಲಿದ್ದಾಳೆ, ಯಾವ ವೀಸಾ ಅಂತ ಕೇಳಿದ್ದಾಯಿತು. ಯಾವಾಗ ವಾಪಸ್ ಅಂದಾಗ ಅಪ್ಪಯ್ಯ ಅಭ್ಯಾಸ ಮಾಡಿದ್ದೆಲ್ಲ ಬಿಟ್ಟು ತಮ್ಮ ಮಾತಿನಲ್ಲೇ ಹೇಳಿದರಂತೆ: "ಮಳೆ ಹಿಡಿಯೋ ಮುಂಚೆ ಬಂದ್ಬಿಡ್ಬೇಕು. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಸೋದಿದೆ. ಮರ ಹತ್ತೋ ಕೊನೆಗೌಡ ಸಿಗೋದೇ ಕಷ್ಟ, ನಾನಿಲ್ಲ ಅಂದ್ರೆ ಅವನು ಬರೋದೂ ಇಲ್ಲ. ಹೊಡೆಸದಿದ್ರೆ ಕಾಯಿ ಪೂರಾ ಉದುರಿ ಹೋಗ್ತದೆ." ದುಭಾಷಿ ಅದನ್ನು ಇಂಗ್ಲಿಷಿಗೆ ತರಲು ಸ್ವಲ್ಪ ಹೊತ್ತು ತೆಗೆದುಕೊಂಡರಂತೆ. ಅಧಿಕಾರಿ ಮರ ಎಷ್ಟು ಎತ್ತರ ಇರುತ್ತೆ ಅಂತ ಕೇಳಿದರಂತೆ. ಪಾಸ್‌ಪೋರ್ಟ್ ಒಳಗೇ ಇಟ್ಟುಕೊಂಡರು. ಹತ್ತು ವರ್ಷದ ವೀಸಾ ಬಂತು. ಆ ಉತ್ತರದಿಂದಲೇ ಸಿಕ್ಕಿತು ಅಂತ ನಾನು ಹೇಳಲಾರೆ, ಕೊಟ್ಟದ್ದು ಯಾಕೆ ಅಂತ ಯಾರೂ ಕಾರಣ ಬರೆದು ಕೊಡುವುದಿಲ್ಲ. ಆದರೆ ಅಲ್ಲಿ ನಿಂತ ಅಷ್ಟು ಹೊತ್ತಿನಲ್ಲಿ ಅಪ್ಪಯ್ಯ ನನ್ನ ಅಪ್ಪ ಆಗಿರದೆ ತಾವೇ ಆಗಿದ್ದದ್ದು ಆ ಒಂದು ಉತ್ತರದಲ್ಲಿ.

ಚಿಕ್ಕಮ್ಮನಿಗೆ ಸಿಕ್ಕ ಚೀಟಿ

ಚಿಕ್ಕಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿ ನಿವೃತ್ತಿಯಾದವರು. ಪೆನ್ಷನ್ ಇದೆ, ಸ್ವಂತ ಮನೆ ಇದೆ, ಚಿಕ್ಕಪ್ಪ ತೀರಿಕೊಂಡಿದ್ದಾರೆ, ಇರುವುದು ಒಬ್ಬನೇ ಮಗ. ಅವರ ಫೈಲಿನಲ್ಲಿ ಇದ್ದದ್ದು ಮಗನ ಅಮೆರಿಕನ್ ಪಾಸ್‌ಪೋರ್ಟಿನ ಪ್ರತಿ, ಮಗನ ಬ್ಯಾಂಕ್ ಸ್ಟೇಟ್‌ಮೆಂಟು, ಮಗನ ಮನೆಯ ಪತ್ರ, ಮಗನ ಟ್ಯಾಕ್ಸ್ ರಿಟರ್ನು. ಅಧಿಕಾರಿ ಫೈಲು ಮುಟ್ಟಲಿಲ್ಲ. ಅಮೆರಿಕದಲ್ಲಿ ಯಾರಿದ್ದಾರೆ? ಮಗ. ಸ್ಟೇಟಸ್? ಸಿಟಿಜನ್. ಬೇರೆ ಮಕ್ಕಳು? ಇಲ್ಲ. ಯಜಮಾನರು? ಇಲ್ಲ. ಅಷ್ಟೇ. ಪಾಸ್‌ಪೋರ್ಟ್ ಜೊತೆ ಚೀಟಿ ಹೊರಗೆ ಬಂತು.

ಅವತ್ತು ಸಂಜೆ ಚಿಕ್ಕಮ್ಮ ಫೋನ್ ಮಾಡಿದ್ದು ನನಗೆ, ಮಗನಿಗಲ್ಲ. "ಅವನಿಗೆ ಹೇಳಿದ್ರೆ ಬೇಜಾರು ಮಾಡ್ಕೋತಾನೆ" ಅಂದರು. ಆಮೇಲೆ ಸುಮಾರು ಹೊತ್ತು ಚೀಟಿಯಲ್ಲಿದ್ದದ್ದನ್ನು ಇಂಗ್ಲಿಷಿನಲ್ಲೇ ಓದಿ ಹೇಳಿದರು, ಕ್ಲಾಸಿನಲ್ಲಿ ಪಾಠ ಓದುವ ಹಾಗೆ ನಿಲ್ಲಿಸಿ ನಿಲ್ಲಿಸಿ. ಅವರಿಗೆ ನೋವಾದದ್ದು ಹೋಗಲಾಗಲಿಲ್ಲ ಅನ್ನುವುದಕ್ಕಿಂತ ಹೆಚ್ಚಾಗಿ ಇನ್ನೊಂದಕ್ಕೆ. "ನಾನು ಅಲ್ಲೇ ಉಳ್ಕೊಂಡ್ಬಿಡ್ತೀನಿ ಅಂತ ಅಂದ್ಕೊಂಡ್ರಲ್ಲ ಪುಟ್ಟಿ. ನನ್ನ ಮನೆ ಬಿಟ್ಟು ನಾನ್ಯಾಕೆ ಅಲ್ಲಿರ್ಲಿ? ಕಾಲು ಹಿಡಿದು ಕೇಳಿದ್ರೂ ಇರಲ್ಲ." ಇಡೀ ಜೀವಮಾನದಲ್ಲಿ ಒಂದು ದಿನದ ರಜೆಗೂ ಸುಳ್ಳು ಹೇಳದ ಹೆಂಗಸನ್ನು ನಿಮ್ಮ ಮಾತು ನಂಬಲಾರೆವು ಅಂತ ಕಳಿಸಿದ್ದರು. ಅಧಿಕಾರಿಯದ್ದು ದುರುದ್ದೇಶ ಅಂತ ನಾನು ಅಂದುಕೊಳ್ಳುವುದಿಲ್ಲ. ಒಬ್ಬಂಟಿ ವಿಧವೆ, ಒಬ್ಬನೇ ಮಗ, ಅವನೂ ಸಿಟಿಜನ್ ಅಂತ ಆ ನಾಲ್ಕು ಉತ್ತರಗಳನ್ನು ಮಾತ್ರ ಕೇಳಿದರೆ ಯಾರಿಗಾದರೂ ಹಾಗನ್ನಿಸಬಹುದು. ಪೆನ್ಷನ್ನಿನ ಮಾತು, ಮನೆಯ ಮಾತು, ಪಕ್ಕದ ಬೀದಿಯಲ್ಲೇ ಇರುವ ಅಕ್ಕ-ತಂಗಿಯರ ಮಾತು ಬರಲೇ ಇಲ್ಲ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಮೇಲ್ಮನವಿಗೆ ಜಾಗವಿಲ್ಲ. ಮತ್ತೆ ಅರ್ಜಿ ಹಾಕಬಹುದು, ಎಷ್ಟು ಸಲ ಬೇಕಾದರೂ, ಪ್ರತಿ ಸಲವೂ 185 ಡಾಲರ್ ಕಟ್ಟಿ. ಕೋರ್ಟಿಗೆ ಹೋಗೋಣ ಅಂದ ತಮ್ಮನಿಗೆ ಅಲ್ಲಿನ ವಕೀಲರು ಆಗದು ಅಂದುಬಿಟ್ಟರು. 2024ರ ಜೂನ್‌ನಲ್ಲಿ ಮುನ್ಯೋಜ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಗಂಡನನ್ನೇ ದೇಶದೊಳಗೆ ಕರೆಸಿಕೊಳ್ಳುವ ಮೂಲಭೂತ ಹಕ್ಕು ಸಿಟಿಜನ್ ಹೆಂಡತಿಗೆ ಇಲ್ಲ ಅಂತ ತೀರ್ಪು ಕೊಟ್ಟಿದೆ. ಅದು ಇಮಿಗ್ರೆಂಟ್ ವೀಸಾದ ಪ್ರಕರಣ. ಮದುವೆಯಾದವರಿಗೇ ಹೀಗಾದರೆ, ಎರಡು ತಿಂಗಳಿಗೆ ಬರುವ ಅಮ್ಮನ ಪರವಾಗಿ ಮಗ ಯಾವ ಬಾಗಿಲು ತಟ್ಟಬೇಕು?

ಹಾಗಾದ್ರೆ ಗ್ರೀನ್ ಕಾರ್ಡೇ ಹಾಕಿಬಿಡು

ಚೀಟಿ ಬಂದ ವಾರದೊಳಗೆ ತಮ್ಮನಿಗೆ ಸಿಕ್ಕ ಸಲಹೆಗಳಲ್ಲಿ ಎಲ್ಲರೂ ಹೇಳಿದ್ದು ಇದನ್ನೇ. ಸಿಟಿಜನ್ ಆದ, 21 ದಾಟಿದ ಮಕ್ಕಳು ತಂದೆ-ತಾಯಿಗೆ ಐ-130, ಅಂದರೆ ಗ್ರೀನ್ ಕಾರ್ಡಿಗಾಗಿ ಹಾಕುವ ಪಿಟಿಷನ್, ಹಾಕಬಹುದು, ಅದಕ್ಕೆ ವಾರ್ಷಿಕ ಮಿತಿಯಿಲ್ಲ, ಸರದಿಯಿಲ್ಲ. ಗ್ರೀನ್ ಕಾರ್ಡ್ ಮಾತ್ರ ಇರುವವರಿಗೆ ಈ ಅವಕಾಶವಿಲ್ಲ. ಅಲ್ಲಿ ಮಗನ ಆದಾಯವೂ ಲೆಕ್ಕಕ್ಕೆ ಬರುತ್ತೆ, ಬಡತನ ರೇಖೆಯ 125 ಪ್ರತಿಶತದಷ್ಟು ದುಡಿಮೆ ತೋರಿಸಿ ಕಾನೂನುಬದ್ಧವಾಗಿ ಜಾಮೀನು ನಿಲ್ಲಬೇಕು. ಎರಡು ತಿಂಗಳ ಭೇಟಿಗೆ ಯಾವ ಬೆಲೆಯೂ ಇಲ್ಲದ ಮಗನ ಸ್ಟೇಟಸ್ಸಿಗೂ ಸಂಬಳಕ್ಕೂ, ಶಾಶ್ವತವಾಗಿ ಕರೆಸಿಕೊಳ್ಳುವಾಗ ಪೂರ್ತಿ ಬೆಲೆ.

ಇದನ್ನು ಯೋಚಿಸಿದಷ್ಟೂ ನನಗೆ ಸಂಕಟವಾಗುತ್ತೆ. ಉಳಿದುಬಿಡುತ್ತಾರೆ ಅನ್ನುವ ಭಯದಿಂದ ಭೇಟಿಗೆ ಬಿಡದ ವ್ಯವಸ್ಥೆ, ಉಳಿಯಲು ಮನಸ್ಸೇ ಇಲ್ಲದವರನ್ನು ಉಳಿಯುವ ಅರ್ಜಿಯ ಕಡೆಗೆ ತಳ್ಳುತ್ತಿದೆ. ಗ್ರೀನ್ ಕಾರ್ಡ್ ತಗೊಂಡರೆ ಅಲ್ಲಿ ವಾಸ ಮಾಡಬೇಕು. ಒಂದು ವರ್ಷ ಹೊರಗಿದ್ದರೆ ರೀ-ಎಂಟ್ರಿ ಪರ್ಮಿಟ್ ಇಲ್ಲದೆ ಆ ಕಾರ್ಡ್ ಹಿಡಿದು ಒಳಗೆ ಬರುವಂತಿಲ್ಲ. ವರ್ಷದ ಹತ್ತು ತಿಂಗಳು ತನ್ನ ಮನೆಯಲ್ಲಿರಬೇಕು ಅನ್ನುವ ಚಿಕ್ಕಮ್ಮನಂಥವರಿಗೆ ಅದು ಹೊಂದುವ ಬಟ್ಟೆಯೇ ಅಲ್ಲ. ಪಿಟಿಷನ್ ಒಮ್ಮೆ ಹಾಕಿದ ಮೇಲೆ ಮನಸ್ಸು ಬದಲಾಯಿಸಿ ವಿಸಿಟರ್ ವೀಸಾ ಕೇಳಿದರೆ ಫಾರ್ಮಿನ ಆ ಪ್ರಶ್ನೆಗೆ "ಹೌದು" ಅಂತ ಬರೆಯಬೇಕು. ಅದೊಂದೇ ಕಾರಣಕ್ಕೆ ನಿರಾಕರಿಸಲೇಬೇಕು ಅಂತ ಕಾನೂನು ಹೇಳುವುದಿಲ್ಲ, ಆದರೆ ಭೇಟಿಗಷ್ಟೇ ಬರ್ತೀನಿ ಅಂತ ಮನವರಿಕೆ ಮಾಡುವುದು ಇನ್ನೂ ಕಷ್ಟವಾಗುತ್ತೆ. ಒಡಹುಟ್ಟಿದವರ ಪಾಡು ಇನ್ನೂ ಉದ್ದದ್ದು. ಸಿಟಿಜನ್ ಅಕ್ಕ ತಮ್ಮನಿಗೆ ಪಿಟಿಷನ್ ಹಾಕಿದರೆ ಭಾರತದವರ ಸರದಿ ಬರಲು ಸುಮಾರು ಎರಡು ದಶಕ. ಅಷ್ಟೂ ವರ್ಷ ಅವನು ಅಕ್ಕನ ಮನೆಗೆ ಬಂದು ಹೋಗಲು ವೀಸಾ ಕೇಳಿದಾಗಲೆಲ್ಲ ಅದೇ "ಹೌದು".

ನನಗೆ ತೋಚುವ ಒಂದು ಮಾತಿದೆ, ಇದನ್ನು ಸಿಟಿಜನ್ ಮಕ್ಕಳಿರುವವರಿಗೆಲ್ಲ ಹೇಳುತ್ತೇನೆ. ಮಗ ಸಿಟಿಜನ್ ಆಗಿ ವರ್ಷಗಳಾದರೂ ಅಮ್ಮ ಗ್ರೀನ್ ಕಾರ್ಡ್ ಕೇಳಿಲ್ಲ ಅನ್ನುವುದೇ ಅವಳಿಗೆ ಉಳಿಯುವ ಮನಸ್ಸಿಲ್ಲ ಅನ್ನುವುದಕ್ಕೆ ದೊಡ್ಡ ಸಾಕ್ಷಿ. ನೇರ ದಾರಿ ತೆರೆದಿತ್ತು, ಆ ದಾರಿ ಬೇಡ ಅಂದಳು. ಕೇಳಿದರೆ ಅದನ್ನೇ ಹೇಳಲಿ, ತನ್ನ ಮಾತಿನಲ್ಲಿ.

ಕೆನಡಾದಲ್ಲಿ ಅಪ್ಪ-ಅಮ್ಮನ ಭೇಟಿಗೆ ಮಕ್ಕಳ ಸ್ಟೇಟಸ್ಸನ್ನು ಮುಚ್ಚುಮರೆಯಿಲ್ಲದೆ ಲೆಕ್ಕಕ್ಕೆ ತಗೊಂಡಿದ್ದಾರೆ. 2011ರಲ್ಲಿ ಶುರುವಾದ ಸೂಪರ್ ವೀಸಾದಲ್ಲಿ ಮಗ ಅಥವಾ ಮೊಮ್ಮಗ ಅಲ್ಲಿನ ಸಿಟಿಜನ್ನೋ ಪರ್ಮನೆಂಟ್ ರೆಸಿಡೆಂಟೋ ಆಗಿರಬೇಕು, ಇಷ್ಟು ಆದಾಯ ಇರಬೇಕು, ಒಂದು ಲಕ್ಷ ಕೆನಡಿಯನ್ ಡಾಲರಿನ ವೈದ್ಯಕೀಯ ವಿಮೆ ಇರಬೇಕು ಅಂತ ಷರತ್ತೇ ಇದೆ. 2022ರಿಂದ ಒಂದು ಸಲಕ್ಕೆ 5 ವರ್ಷದವರೆಗೂ ಇರಬಹುದು. ಅಲ್ಲೂ ನಿರಾಕರಣೆ ಆಗುತ್ತೆ. ಆದರೆ ಮಕ್ಕಳು ಇಲ್ಲಿದ್ದಾರೆ ಅನ್ನುವುದನ್ನು ಬರೀ ಅನುಮಾನದ ಕಡೆಗೆ ಬರೆದುಕೊಳ್ಳದೆ ಹೊಣೆಯ ಕಡೆಗೂ ಬರೆದುಕೊಂಡಿದ್ದಾರೆ. ಅಮೆರಿಕದಲ್ಲಿ ಅಂಥದ್ದೊಂದು ಯಾಕಿರಬಾರದು?

ಮುಚ್ಚಿಡಿ ಅನ್ನುವವರು

ಇದೊಂದನ್ನು ಗಟ್ಟಿಯಾಗಿಯೇ ಹೇಳಬೇಕು. ಫಾರ್ಮು ತುಂಬಿಕೊಡುವ ಕೆಲವರು "ಮಗ ಅಲ್ಲಿದ್ದಾನೆ ಅಂತ ಬರೀಬೇಡಿ, ಟೂರಿಗೆ ಅಂತ ಬರೀರಿ" ಅಂತ ಹೇಳಿಕೊಡುತ್ತಾರೆ. ಮಗ ವೀಸಾ ಅವಧಿ ಮೀರಿ ಉಳಿದಿದ್ದರೆ, ಆಶ್ರಯ ಕೋರಿ ಅರ್ಜಿ ಹಾಕಿದ್ದರೆ, ಈ ಸಲಹೆ ಇನ್ನೂ ಜೋರಾಗಿ ಬರುತ್ತೆ. ಅಂಥ ಮನೆಯವರಿಗೆ ವೀಸಾ ಕಷ್ಟವೇ, ಮಗ ಮಾಡಿದ್ದನ್ನು ಅಮ್ಮನೂ ಮಾಡಬಹುದು ಅನ್ನುವ ಅನುಮಾನ ಸಹಜವಾಗಿ ಬರುತ್ತೆ. ಆದರೆ 214(ಬಿ) ನಿರಾಕರಣೆ ಇವತ್ತಿಗೆ ಮಾತ್ರ, ನಾಳೆ ಮತ್ತೆ ಕೇಳಬಹುದು. ಫಾರ್ಮಿನಲ್ಲಿ ಸುಳ್ಳು ಹೇಳಿ ವೀಸಾ ಕೇಳಿದ್ದು ಸಿಕ್ಕಿಬಿದ್ದರೆ 212ನೇ ಸೆಕ್ಷನ್ ಪ್ರಕಾರ ಜೀವನಪೂರ್ತಿ ಬಾಗಿಲು ಮುಚ್ಚುತ್ತೆ, ಮುಂದೆ ಮಗನೇ ಗ್ರೀನ್ ಕಾರ್ಡ್ ಹಾಕಿದರೂ ಅದು ಅಡ್ಡ ಬರುತ್ತೆ. ತುಂಬಿದವರು ಯಾರೇ ಆಗಿರಲಿ, ಸಹಿ ಅರ್ಜಿದಾರರದ್ದು. ಕಾನ್ಸುಲೇಟಿಗೆ ಮಕ್ಕಳ ದಾಖಲೆ ಕಾಣುತ್ತೆ.

ಬಂದು ಹೋದವರ ಹಳೆಯ ದಾಖಲೆಯೂ ಕಾಣುತ್ತೆ. ಎಷ್ಟು ದಿನ ಇರಬಹುದು ಅಂತ ಹೇಳುವ ಐ-94 ದಾಖಲೆಯಲ್ಲಿ ಸಾಮಾನ್ಯವಾಗಿ ಆರು ತಿಂಗಳು ಬರೆದಿರುತ್ತಾರೆ. ಅದನ್ನು ಒಂದು ದಿನ ಮೀರಿದರೂ ಇರುವ ವೀಸಾ ರದ್ದಾದಂತೆ. 180 ದಿನಕ್ಕಿಂತ ಹೆಚ್ಚು ಮೀರಿದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಬರುವ ಹಾಗಿಲ್ಲ. ಹತ್ತು ವರ್ಷದ ವೀಸಾ ಅಂದರೆ ಹತ್ತು ವರ್ಷ ಇರಬಹುದು ಅಂದುಕೊಂಡ ಹಿರಿಯರನ್ನು ನಾನೇ ನೋಡಿದ್ದೇನೆ.

ಯಾರು ಯಾರನ್ನು ನೋಡಲು ಹೋಗಬಹುದು

ಸ್ಟೇಟಸ್ಸಿನ ನಿಜವಾದ ಬಲ ನನಗೆ ಕಂಡಿರುವುದು ಇನ್ನೊಂದು ದಿಕ್ಕಿನಲ್ಲಿ. ಚಿಕ್ಕಮ್ಮನಿಗೆ ವೀಸಾ ಸಿಗದಿದ್ದರೂ ನನ್ನ ತಮ್ಮ, ಭಾರತ ಮೂಲದ ವಿದೇಶಿಗರಿಗೆ ಕೊಡುವ ಓಸಿಐ ಕಾರ್ಡ್ ಹಿಡಿದು ನಾಳೆ ಬೆಳಗ್ಗೆ ವಿಮಾನ ಹತ್ತಬಹುದು, ಬೇಕಾದಾಗ ವಾಪಸ್ ಹೋಗಬಹುದು. ನನಗೆ ಹಾಗಿಲ್ಲ. ನನ್ನ ಪಾಸ್‌ಪೋರ್ಟಿನ ಎಚ್-1ಬಿ ಸ್ಟಾಂಪ್ ಮುಗಿದಿದೆ, ಊರಿಗೆ ಹೋದರೆ ವಾಪಸ್ ಬರಲು ಮತ್ತೆ ಹಾಕಿಸಬೇಕು. 2025ರ ಸೆಪ್ಟೆಂಬರ್‌ನಿಂದ ತಮ್ಮ ದೇಶದಲ್ಲೋ ವಾಸವಿರುವ ದೇಶದಲ್ಲೋ ಮಾತ್ರ ಅರ್ಜಿ ಹಾಕಬೇಕು ಅಂದಿದ್ದಾರೆ, ಹಿಂದಿನ ಹಾಗೆ ಬೇರೆ ದೇಶಕ್ಕೆ ಹೋಗಿ ಮುಗಿಸಿಕೊಂಡು ಬರುವ ದಾರಿ ಮುಚ್ಚಿತು. ಅದೇ ತಿಂಗಳಿಂದ 80ರ ಅಜ್ಜಿಗೂ ಖುದ್ದು ಇಂಟರ್‌ವ್ಯೂ ಬಂತು. ಡಿಸೆಂಬರ್‌ನಲ್ಲಿ ಸೋಶಿಯಲ್ ಮೀಡಿಯಾ ಪರಿಶೀಲನೆ ಶುರುವಾಗಿ ಭಾರತದಲ್ಲಿ ಎಚ್-1ಬಿಯವರ ಇಂಟರ್‌ವ್ಯೂಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು, ರಜೆಗೆ ಹೋದವರು ಅಲ್ಲೇ ಸಿಕ್ಕಿಕೊಂಡರು. ಅಂದರೆ ನನ್ನ ಅಪ್ಪಯ್ಯ ನನ್ನ ಮನೆಗೆ ಬರಬಲ್ಲರು, ನಾನು ಅವರ ಮನೆಗೆ ಹೋಗಲು ಹೆದರುತ್ತೇನೆ. ತಮ್ಮ ತನ್ನಮ್ಮನ ಮನೆಗೆ ಹೋಗಬಲ್ಲ, ಅವಳು ಅವನ ಮನೆಯ ಹೊಸ್ತಿಲು ನೋಡಿಲ್ಲ.

ಚಿಕ್ಕಮ್ಮ ಈಗ ಮತ್ತೆ ಅರ್ಜಿ ಹಾಕುತ್ತಿದ್ದಾರೆ. ಐ-130ಕ್ಕೆ ಒಪ್ಪಲಿಲ್ಲ. ಫಾರ್ಮಿನ ಒಂದೊಂದು ಪ್ರಶ್ನೆಯನ್ನೂ ನಾನು ಫೋನಿನಲ್ಲಿ ಓದಿದೆ, ಅವರು ಹೇಳಿದ್ದನ್ನೇ ತುಂಬಿದೆ. ಉದ್ಯೋಗದ ಜಾಗದಲ್ಲಿ ಹೋದ ಸಲ ಬರೀ ಹೌಸ್‌ವೈಫ್ ಅಂತ ಇತ್ತಂತೆ. ಈ ಸಲ ನಿವೃತ್ತ ಶಿಕ್ಷಕಿ. ಪೆನ್ಷನ್ ಆದೇಶ, ಮನೆಯ ಕಂದಾಯದ ರಸೀದಿ ಫೈಲಿಗೆ ಸೇರಿದವು. ಮಗನ ಬ್ಯಾಂಕ್ ಕಾಗದ ತೆಗೆದಿಡೋಣ ಅಂದೆ, ಅದಕ್ಕೆ ಒಪ್ಪಿದರು. ಪಾಸ್‌ಪೋರ್ಟಿನ ಪ್ರತಿಯ ವಿಷಯಕ್ಕೆ ಮಾತ್ರ ತಾಯಿ-ಮಗನಿಗೆ ವಾದ ನಡೆದಿದೆ. ಬೇಡ ಅಮ್ಮ, ಯಾರೂ ಕೇಳಲ್ಲ ಅನ್ನುತ್ತಾನೆ ಅವನು. ಕೇಳದಿದ್ದರೂ ಪರವಾಗಿಲ್ಲ, ಹಿಂದಿನ ಖಾನೆಯಲ್ಲಿ ಇರಲಿ ಅನ್ನುತ್ತಾರೆ ಚಿಕ್ಕಮ್ಮ.